ಕ್ಷಮಿಸಿ, ಕೇಬಲ್ ತೊಂದರೆ

ದೂರದರ್ಶನದ ಕಾಲದಲ್ಲಿ ಬೆಳೆದವರಿಗೆ ‘ರುಕಾವಟ್ ಕೇ ಲಿಯೇ ಖೇದ್ ಹೈ’ ಅನ್ನೋ ಬೋರ್ಡು ನೆನಪಿರುತ್ತೆ. ನಿಮಗೆ ನೆನಪಿಲ್ಲದಿದ್ದರೆ ಮನೆಯಲ್ಲಿ ಅಪ್ಪ ಅಮ್ಮನನ್ನು ಕೇಳಿ. ಕಾರ್ಯಕ್ರಮ ನಡೀತಿರುವಾಗಲೇ ಪರದೆ ನಿಂತು ಈ ಬೋರ್ಡು ಬರ್ತಿತ್ತು. ಎಲ್ಲೋ ಏನೋ ಕೆಟ್ಟಿದೆ, ಸರಿಹೋಗುತ್ತೆ ಅಂತ ಜನ ಕಾಯ್ತಿದ್ದರು. ಬೋರ್ಡಿನ ಹಿಂದೆ ಒಬ್ಬ ಮನುಷ್ಯ ಕೂತು ಬೇಕಂತಲೇ ಸ್ವಿಚ್ ಒತ್ತಿರಬಹುದು ಅನ್ನೋ ಯೋಚನೆ ಯಾರಿಗೂ ಬರ್ತಿರಲಿಲ್ಲ.

1955ರಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ರಾಜಧಾನಿ ಜಾಕ್ಸನ್‌ನಲ್ಲಿ ಜನರ ಟಿವಿಗಳ ಮೇಲೆ ಇಂಥದ್ದೇ ಒಂದು ಬೋರ್ಡು ಬಂತು: ‘ಕ್ಷಮಿಸಿ, ಕೇಬಲ್ ತೊಂದರೆ.’ ಆಗ ಪರದೆ ಮೇಲೆ ಇದ್ದದ್ದು ಜನಾಂಗ ಸಮಸ್ಯೆಯ ಬಗ್ಗೆ ನ್ಯೂಯಾರ್ಕಿನಿಂದ ಬರುತ್ತಿದ್ದ ಕಾರ್ಯಕ್ರಮ. ಮಾತಾಡೋಕೆ ಬಂದಿದ್ದವರು ಎನ್‌ಎಎಸಿಪಿ ಅನ್ನೋ ಕಪ್ಪು ಜನರ ಹಕ್ಕುಗಳ ಸಂಘಟನೆಯ ವಕೀಲ ಥರ್‌ಗುಡ್ ಮಾರ್ಷಲ್. ಹಿಂದಿನ ವರ್ಷವಷ್ಟೇ ಅವರು ಸುಪ್ರೀಂ ಕೋರ್ಟಿನಲ್ಲಿ ವಾದಿಸಿ, ಶಾಲೆಗಳಲ್ಲಿ ಬಿಳಿ ಮತ್ತು ಕಪ್ಪು ಮಕ್ಕಳನ್ನು ಬೇರೆಬೇರೆ ಕೂರಿಸೋದು ಸಂವಿಧಾನಕ್ಕೆ ವಿರುದ್ಧ ಅನ್ನೋ ತೀರ್ಪು ಪಡೆದಿದ್ದರು. ಕೇಬಲ್ ನೆಟ್ಟಗೇ ಇತ್ತು, ಸ್ಟೇಷನ್ನಿನವರೇ ಕತ್ತರಿಸಿದ್ದಾರೆ ಅಂತ ಸರ್ಕಾರಕ್ಕೆ ದೂರು ಹೋಯಿತು.

ಆ ಸ್ಟೇಷನ್ನಿನ ಹೆಸರು ಡಬ್ಲ್ಯುಎಲ್‌ಬಿಟಿ, ಚಾನೆಲ್ ನಂಬರ್ 3. ಅಮೆರಿಕದಲ್ಲಿ ಟಿವಿ ಮಾರುಕಟ್ಟೆಗಳು ಒಟ್ಟು 210. ದೊಡ್ಡದರಿಂದ ಚಿಕ್ಕದಕ್ಕೆ ಪಟ್ಟಿ ಮಾಡಿದರೆ ಮೊದಲ ಐವತ್ತರಲ್ಲಿ ಜಾಕ್ಸನ್ ಸಿಗಲ್ಲ. 1960ರಲ್ಲಿ ಊರಿನ ಜನಸಂಖ್ಯೆ ಒಂದೂವರೆ ಲಕ್ಷಕ್ಕೂ ಸ್ವಲ್ಪ ಕಡಿಮೆ. ಇಂಥ ಸಣ್ಣ ಊರಿನ ಸ್ಟೇಷನ್ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನೋದು ನಮಗ್ಯಾಕೆ ಅಂತ ಕೇಳಬಹುದು. ಟಿವಿ ನೋಡುವವನಿಗೆ ಟಿವಿಯ ಬಗ್ಗೆ ಕೋರ್ಟಿನಲ್ಲಿ ಮಾತಾಡುವ ಹಕ್ಕಿದೆಯೇ ಅನ್ನೋ ಪ್ರಶ್ನೆ ಅಮೆರಿಕದಲ್ಲಿ ತೀರ್ಮಾನವಾಗಿದ್ದು ಈ ಸ್ಟೇಷನ್ನಿನ ಕೇಸಿನಲ್ಲಿ.

*

ಮೊದಲು ಅಲ್ಲಿನ ವ್ಯವಸ್ಥೆ ಹೇಗೆ ಅಂತ ನೋಡೋಣ. ಅದು ಗೊತ್ತಿಲ್ಲದಿದ್ದರೆ ಮುಂದಿನ ಕತೆ ಅರ್ಥವಾಗಲ್ಲ.

ನಮ್ಮಲ್ಲಿ ಒಂದು ಚಾನೆಲ್ ಅಂದರೆ ಬೀದರಿನಿಂದ ಚಾಮರಾಜನಗರದವರೆಗೆ ಒಂದೇ. ಅಮೆರಿಕದಲ್ಲಿ ಹಾಗಲ್ಲ. ಎನ್‌ಬಿಸಿ, ಸಿಬಿಎಸ್, ಎಬಿಸಿ ಇವೆಲ್ಲ ನೆಟ್‌ವರ್ಕ್‌ಗಳು. ಅವು ಕಾರ್ಯಕ್ರಮ ತಯಾರಿಸುತ್ತವೆ, ದೇಶಮಟ್ಟದ ಜಾಹೀರಾತು ಹಿಡಿಯುತ್ತವೆ. ದೊಡ್ಡ ನಗರಗಳಲ್ಲಿ ಬಿಟ್ಟರೆ ಅವಕ್ಕೆ ಸ್ವಂತ ಟವರ್ ಇರಲ್ಲ. ಊರೂರಿನಲ್ಲಿ ಸ್ಥಳೀಯ ಸ್ಟೇಷನ್ನುಗಳಿರುತ್ತವೆ, ಅವುಗಳ ಮಾಲೀಕರೇ ಬೇರೆ. ಆ ಸ್ಟೇಷನ್ ಒಂದು ನೆಟ್‌ವರ್ಕ್ ಜೊತೆ ಒಪ್ಪಂದ ಮಾಡಿಕೊಂಡು ಅದರ ‘ಅಫಿಲಿಯೇಟ್’ ಆಗುತ್ತೆ. ನೆಟ್‌ವರ್ಕಿನ ಕಾರ್ಯಕ್ರಮ ಹಾಕುತ್ತೆ, ನಡುವೆ ಊರಿನ ಸುದ್ದಿ, ಊರಿನ ಜಾಹೀರಾತು ಸೇರಿಸುತ್ತೆ. ಆ ದಿನಗಳಲ್ಲಿ ಇದಕ್ಕೆ ನೆಟ್‌ವರ್ಕೇ ಸ್ಟೇಷನ್ನಿಗೆ ದುಡ್ಡು ಕೊಡ್ತಿತ್ತು. ಈಗ ಉಲ್ಟಾ, ಸ್ಟೇಷನ್ನುಗಳೇ ನೆಟ್‌ವರ್ಕಿಗೆ ಕೊಡಬೇಕು.

ಈ ಒಪ್ಪಂದದಲ್ಲಿ ಒಂದು ಮುಖ್ಯ ವಿಷಯ ಇದೆ. ನೆಟ್‌ವರ್ಕ್ ಕಳಿಸಿದ್ದನ್ನೆಲ್ಲ ಹಾಕಲೇಬೇಕು ಅಂತ ಸ್ಟೇಷನ್ನನ್ನು ಕಟ್ಟಿಹಾಕುವಂತಿಲ್ಲ. ಪ್ರಸಾರವನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ 1941ರಲ್ಲೇ ಇದನ್ನು ನಿಯಮವಾಗಿ ಮಾಡಿತ್ತು. ಆಗ ಇದ್ದದ್ದು ರೇಡಿಯೋ ನೆಟ್‌ವರ್ಕುಗಳು. ನ್ಯೂಯಾರ್ಕಿನ ದೊಡ್ಡ ಕಂಪನಿಗಳು ಸಣ್ಣ ಊರುಗಳ ಮೇಲೆ ಸವಾರಿ ಮಾಡದಿರಲಿ, ಊರಿಗೆ ಬೇಡದ್ದನ್ನು ಊರಿನ ಸ್ಟೇಷನ್ ಬೇಡ ಅನ್ನಲಿ ಅನ್ನೋದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ‘ಊರಿಗೆ ಬೇಡ’ ಅಂತ ತೀರ್ಮಾನಿಸುವವರು ಊರಿನಲ್ಲಿ ಯಾರು?

ಜಾಕ್ಸನ್‌ನಲ್ಲಿ ಅದಕ್ಕೆ ಉತ್ತರ ಲಾಮಾರ್ ಲೈಫ್ ಅನ್ನೋ ವಿಮಾ ಕಂಪನಿ. ಊರಿನ ಹಳೆಯ ಸಂಸ್ಥೆ. ಅವರಿಗೆ 1929ರಿಂದಲೂ ಒಂದು ರೇಡಿಯೋ ಸ್ಟೇಷನ್ ಇತ್ತು. ಟಿವಿ ಬಂದಾಗ ಅದನ್ನೂ ಹಿಡಿದರು. 1953ರ ಡಿಸೆಂಬರಿನಲ್ಲಿ ಡಬ್ಲ್ಯುಎಲ್‌ಬಿಟಿ ಎನ್‌ಬಿಸಿಯ ಅಫಿಲಿಯೇಟ್ ಆಗಿ ಶುರುವಾಯಿತು. ಇವತ್ತಿಗೂ ಅದು ಎನ್‌ಬಿಸಿಯದ್ದೇ. ಮಾಲೀಕರು ಬದಲಾಗುತ್ತಾ ಹೋದರು, ನೆಟ್‌ವರ್ಕ್ ಬದಲಾಗಲಿಲ್ಲ. ಮನೆಯಲ್ಲಿ ಕೂತು ನೋಡುವವರಿಗೆ ಕಾಣುವ ಲೋಗೋ ಅದೇ, ಧಾರಾವಾಹಿಗಳು ಅವೇ. ಅದಕ್ಕೇ ಮಾಲೀಕರು ಯಾರು ಅಂತ ನಾವು ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳಲ್ಲ.

ಸ್ಟೇಷನ್ನಿನ ಮ್ಯಾನೇಜರ್ ಫ್ರೆಡ್ ಬಿಯರ್ಡ್. ಬಿಳಿಯರು ಮತ್ತು ಕಪ್ಪು ಜನ ಬೇರೆಬೇರೆಯೇ ಇರಬೇಕು ಎಂದು ಹೋರಾಡುತ್ತಿದ್ದ ಸಿಟಿಜನ್ಸ್ ಕೌನ್ಸಿಲ್ ಅನ್ನೋ ಸಂಘದ ಸದಸ್ಯ. ಅದನ್ನೇನೂ ಮುಚ್ಚಿಡುತ್ತಿರಲಿಲ್ಲ. ಆ ಸ್ಟೇಷನ್ನಿನ ಪ್ರಸಾರ ತಲುಪುವ ಪ್ರದೇಶದಲ್ಲಿ ಹೆಚ್ಚುಕಮ್ಮಿ 45 ಪರ್ಸೆಂಟ್ ಜನ ಕಪ್ಪು ವರ್ಣೀಯರು. ತಮ್ಮ ಊರಿನ ಟಿವಿಯಲ್ಲಿ ತಮ್ಮವರ ಮುಖ ಅವರಿಗೆ ಕಾಣುತ್ತಿದ್ದದ್ದೇ ಅಪರೂಪ. ಸುದ್ದಿಯಲ್ಲಿ ಹೆಸರು ಬಂದರೂ ‘ಮಿಸ್ಟರ್’ ಇಲ್ಲ, ‘ಮಿಸೆಸ್’ ಇಲ್ಲ, ಬರೀ ಹೆಸರು. ನಮ್ಮೂರುಗಳಲ್ಲಿ ಯಾರನ್ನು ‘ಅವರು’ ಅಂತಾರೆ, ಯಾರನ್ನು ‘ಅವನು’ ಅಂತಾರೆ ಅನ್ನೋದರಲ್ಲೇ ಎಷ್ಟೆಲ್ಲ ಇರುತ್ತೆ ಅಂತ ನಿಮಗೆ ಗೊತ್ತು. ಅಲ್ಲೂ ಹಾಗೇ.

ದೂರುಗಳು ಬರುತ್ತಲೇ ಇದ್ದವು. ವರ್ಣಭೇದ ಉಳಿಯಬೇಕು ಅಂತ ವಾದಿಸುವ ಕಾರ್ಯಕ್ರಮ ಹಾಕಿದರು, ಎದುರು ವಾದಕ್ಕೆ ಸಮಯ ಕೊಡಲಿಲ್ಲ ಅಂತ 1957ರಲ್ಲಿ ಮತ್ತೊಂದು ದೂರು. ಆಗಿನ ನಿಯಮದ ಪ್ರಕಾರ ವಿವಾದದ ವಿಷಯವಿದ್ದರೆ ಎರಡೂ ಕಡೆಯ ಮಾತು ಹಾಕಬೇಕಿತ್ತು. ಟಿವಿ ಲೈಸೆನ್ಸು ಮೂರು ವರ್ಷಕ್ಕೊಮ್ಮೆ ನವೀಕರಣಕ್ಕೆ ಬರ್ತಿತ್ತು. 1958ರಲ್ಲಿ ಡಬ್ಲ್ಯುಎಲ್‌ಬಿಟಿಯ ಫೈಲು ಎಫ್‌ಸಿಸಿ ಮುಂದೆ ಬಂತು. ಅವರು ಸ್ವಲ್ಪ ದಿನ ಇಟ್ಟುಕೊಂಡರು. ತಪ್ಪುಗಳಾಗಿವೆ, ಆದರೆ ಅವು ಬಿಡಿ ಘಟನೆಗಳು ಅಂತ ಬರೆದು ಇನ್ನೂ ಮೂರು ವರ್ಷಕ್ಕೆ ಲೈಸೆನ್ಸು ಕೊಟ್ಟು ಕಳಿಸಿದರು.

1962ರಲ್ಲಿ ಆರ್. ಎಲ್. ಟಿ. ಸ್ಮಿತ್ ಅನ್ನೋ ಪಾದ್ರಿ ಅಮೆರಿಕದ ಸಂಸತ್ತಿಗೆ ಅಭ್ಯರ್ಥಿಯಾದರು. ಜಾಕ್ಸನ್‌ನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಕಪ್ಪು ಮನುಷ್ಯ. ದುಡ್ಡು ಕೊಡ್ತೀನಿ, ಪ್ರಚಾರಕ್ಕೆ ಸಮಯ ಕೊಡಿ ಅಂದರೆ ಸ್ಟೇಷನ್ ಒಪ್ಪಲಿಲ್ಲ. ದೂರು ಎಲೀನರ್ ರೂಸ್‌ವೆಲ್ಟ್ ಅವರವರೆಗೆ ಹೋಗಿ, ವಾಷಿಂಗ್ಟನ್ನಿನಿಂದ ಒತ್ತಡ ಬಂದ ಮೇಲಷ್ಟೇ ಸಮಯ ಸಿಕ್ಕಿತು. ಅದೇ ವರ್ಷ ಜೇಮ್ಸ್ ಮೆರೆಡಿತ್ ಅನ್ನೋ ಕಪ್ಪು ಯುವಕ ಮಿಸಿಸಿಪಿ ವಿಶ್ವವಿದ್ಯಾಲಯಕ್ಕೆ ಸೇರಲು ಹೋದಾಗ ಗಲಭೆಯಾಗಿ ಇಬ್ಬರು ಸತ್ತರು. ಆಗಲೂ ರಾಜ್ಯದ ಹಲವು ರೇಡಿಯೋ, ಟಿವಿ ಸ್ಟೇಷನ್ನುಗಳು ಒಂದೇ ಪಕ್ಷದ ಮಾತು ಹಾಕಿದವು ಅಂತ ದೂರಾಯಿತು. ಆ ಪಟ್ಟಿಯಲ್ಲಿ ಡಬ್ಲ್ಯುಎಲ್‌ಬಿಟಿಯೂ ಇತ್ತು.

1963ರ ಮೇ 20ರ ಸಂಜೆ ಮಾತ್ರ ಬೇರೆ ಥರ ಇತ್ತು. ಊರಿನ ಮೇಯರ್ ಅಲೆನ್ ಥಾಂಪ್ಸನ್ ಟಿವಿಯಲ್ಲಿ ಬಂದು ನಮ್ಮೂರಲ್ಲಿ ಎಲ್ಲ ಚೆನ್ನಾಗಿದೆ, ಗಲಾಟೆ ಮಾಡುವವರು ಹೊರಗಿನವರು ಅಂತ ಹೇಳಿದ್ದರು. ಅದಕ್ಕೆ ಉತ್ತರ ಕೊಡಲು ಎನ್‌ಎಎಸಿಪಿಯ ಮೆಡ್ಗರ್ ಎವರ್ಸ್‌ಗೆ ಸಮಯ ಕೊಡಲೇಬೇಕಾಯಿತು. 17 ನಿಮಿಷ. ಡೆಲ್ಟಾದ ಹೊಲದಲ್ಲಿ ದುಡಿಯುವ ಕಪ್ಪು ಕೂಲಿಯವನಿಗೂ ಇವತ್ತು ರೇಡಿಯೋ, ಟಿವಿಯಿಂದ ಜಗತ್ತಿನಲ್ಲಿ ಏನು ನಡೀತಿದೆ ಅಂತ ಗೊತ್ತಾಗುತ್ತೆ ಅಂದರು ಎವರ್ಸ್. ಹೊಸದಾಗಿ ಸ್ವತಂತ್ರವಾದ ಆಫ್ರಿಕಾದ ದೇಶಗಳಲ್ಲಿ ತನ್ನ ಬಣ್ಣದವರು ಏನೇನಾಗಿದ್ದಾರೆ ಅಂತ ಅವನು ನೋಡ್ತಾನೆ. ಆಮೇಲೆ ತನ್ನ ಊರಿನ ಕಡೆ ತಿರುಗಿದರೆ ಅಲ್ಲಿ ಒಬ್ಬನೇ ಒಬ್ಬ ಕಪ್ಪು ಪೊಲೀಸ್ ಇಲ್ಲ, ಅಗ್ನಿಶಾಮಕದವನಿಲ್ಲ, ಗುಮಾಸ್ತನಿಲ್ಲ. ಹೊರಗಿನವರ ಕುಮ್ಮಕ್ಕು ಬೇಕಿಲ್ಲ, ಇದನ್ನು ನೋಡಿದರೆ ಸಾಕು ಅನ್ನೋದು ಅವರ ಮಾತಿನ ಸಾರ.

ಎವರ್ಸ್ ಮುಖ ಊರಿನವರಿಗೆಲ್ಲ ಗೊತ್ತಾಯಿತು. ಮೂರು ವಾರ ಕಳೆದು, ಜೂನ್ 12ರಂದು ಅವರ ಮನೆಯೆದುರೇ ಗುಂಡಿಟ್ಟು ಕೊಂದರು. ಕೊಂದವನಿಗೆ ಶಿಕ್ಷೆಯಾದದ್ದು 1994ರಲ್ಲಿ.

*

ಈ ಕತೆಯ ಇನ್ನೊಬ್ಬ ಮುಖ್ಯ ವ್ಯಕ್ತಿ ಎವರೆಟ್ ಪಾರ್ಕರ್. ಬಿಳಿಯ ಪಾದ್ರಿ, ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಅನ್ನೋ ಪಂಥದ ಸಂವಹನ ವಿಭಾಗದ ಮುಖ್ಯಸ್ಥ, ಕಚೇರಿ ನ್ಯೂಯಾರ್ಕಿನಲ್ಲಿ. ಪ್ರತಿಭಟನೆ, ಮೆರವಣಿಗೆ ಅಂತ ಹೋಗದೆ ಅವರು ಒಂದು ಆಡಿಟ್ ಮಾಡಿಸಿದರು.

1964ರ ಮಾರ್ಚ್ 1ರಿಂದ 7ರವರೆಗೆ, ಒಂದು ಪೂರ್ತಿ ವಾರ, ಜಾಕ್ಸನ್‌ನ ಎರಡು ಟಿವಿ ಸ್ಟೇಷನ್ನುಗಳನ್ನು ಪ್ರಸಾರ ಶುರುವಾದಾಗಿನಿಂದ ಮುಗಿಯುವವರೆಗೆ ಕೂತು ನೋಡಬೇಕು. ಯಾರು ಬಂದರು, ಎಷ್ಟು ಹೊತ್ತು ಬಂದರು, ಯಾರನ್ನು ಏನಂತ ಕರೆದರು, ಎಲ್ಲ ಬರೆದಿಡಬೇಕು. ನೋಡುವ ಕೆಲಸ ಮಾಡಿದ್ದು ಸ್ಥಳೀಯ ಬಿಳಿಯ ಸ್ವಯಂಸೇವಕರು, ಊರಿನ ಮಿಲ್‌ಸ್ಯಾಪ್ಸ್ ಕಾಲೇಜಿನ ಒಬ್ಬ ಅಧ್ಯಾಪಕರ ಉಸ್ತುವಾರಿಯಲ್ಲಿ. ಅವರ ಹೆಸರುಗಳನ್ನು ಗುಟ್ಟಾಗಿಡಲಾಯಿತು. ಆ ಊರಿನಲ್ಲಿ, ಆ ವರ್ಷ, ಇದು ತಮಾಷೆಯಾಗಿರಲಿಲ್ಲ. ಟಿವಿ ನೋಡಿದ್ದಕ್ಕೆ ಕೆಲಸ ಹೋಗಬಹುದಿತ್ತು, ಮನೆಗೆ ಬೆಂಕಿಯೂ ಬೀಳಬಹುದಿತ್ತು.

ಆಫೀಸಿನಲ್ಲಿ ಕೆಲಸ ಮಾಡುವವರಿಗೆ ಇದರ ಮಹತ್ವ ಬೇಗ ಹೊಳೆಯುತ್ತೆ. ‘ನೀವು ನಮಗೆ ಅನ್ಯಾಯ ಮಾಡ್ತಿದ್ದೀರಿ’ ಅಂದರೆ ಎದುರಿನವರು ‘ಹಾಗೇನಿಲ್ಲವಲ್ಲ’ ಅಂತಾರೆ, ಮಾತು ಅಲ್ಲಿಗೆ ನಿಲ್ಲುತ್ತೆ. ಡೇಟಾ ಇಟ್ಟರೆ ಹಾಗೆ ಜಾರಿಕೊಳ್ಳೋದು ಕಷ್ಟ. 1958ರಲ್ಲಿ ಎಫ್‌ಸಿಸಿ ‘ಬಿಡಿ ಘಟನೆಗಳು’ ಅಂದಿತ್ತಲ್ಲ, ಒಂದು ವಾರದ ಪೂರ್ತಿ ದಾಖಲೆ ಎದುರಿಟ್ಟರೆ ಆ ಮಾತು ಹೇಳೋದಕ್ಕಾಗಲ್ಲ.

ಏಪ್ರಿಲ್‌ನಲ್ಲಿ ಲೈಸೆನ್ಸು ನವೀಕರಿಸಬೇಡಿ ಅಂತ ಅರ್ಜಿ ಬಿತ್ತು. ಚರ್ಚಿನ ಜೊತೆ ಸಹಿ ಹಾಕಿದವರು ಅದೇ ಕಿರಾಣಿ ಅಂಗಡಿಯ ಪಾದ್ರಿ ಸ್ಮಿತ್, ಮತ್ತು ರಾಜ್ಯದ ಎನ್‌ಎಎಸಿಪಿ ಅಧ್ಯಕ್ಷ ಏರನ್ ಹೆನ್ರಿ. ಹೆನ್ರಿ ಕ್ಲಾರ್ಕ್ಸ್‌ಡೇಲ್ ಅನ್ನೋ ಊರಿನಲ್ಲಿ ಮೆಡಿಕಲ್ ಶಾಪ್ ನಡೆಸುತ್ತಿದ್ದವರು. ಅವರ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

1965ರ ಮೇನಲ್ಲಿ ಎಫ್‌ಸಿಸಿ ತೀರ್ಮಾನ ಕೊಟ್ಟಿತು. ನೀವು ಯಾರು ಕೇಳೋಕೆ ಅನ್ನೋದು ಅದರ ಮೊದಲ ಮಾತು. ಲೈಸೆನ್ಸಿನ ವಿಷಯದಲ್ಲಿ ತಕರಾರು ಎತ್ತಬೇಕಾದರೆ ಒಂದೋ ನಿಮ್ಮ ವ್ಯಾಪಾರಕ್ಕೆ ನಷ್ಟವಾಗಿರಬೇಕು, ಅಂದರೆ ನೀವು ಇನ್ನೊಂದು ಸ್ಟೇಷನ್ನಿನ ಮಾಲೀಕರಾಗಿರಬೇಕು. ಇಲ್ಲಾ ಅವರ ಸಿಗ್ನಲ್ ನಿಮ್ಮ ಸಿಗ್ನಲ್ಲಿಗೆ ಅಡ್ಡ ಬರಬೇಕು. ಬರೀ ನೋಡುಗರಾದರೆ ನೀವು ಕಕ್ಷಿದಾರರೇ ಅಲ್ಲ. ನಮ್ಮ ಕೋರ್ಟುಗಳಲ್ಲಿ ‘ಲೋಕಸ್ ಸ್ಟ್ಯಾಂಡಿ’ ಅಂತಾರಲ್ಲ, ಅದೇ ಪ್ರಶ್ನೆ. ಸ್ಟೇಷನ್ನಿನ ಮೇಲಿನ ಆರೋಪಗಳು ಗಂಭೀರ ಅಂತ ಎಫ್‌ಸಿಸಿ ಒಪ್ಪಿಕೊಂಡಿತು. ಆದರೂ ವಿಚಾರಣೆ ಮಾಡದೆ, ಇನ್ನು ಮುಂದೆ ನೆಟ್ಟಗಿರಿ ಅಂತ ಷರತ್ತು ಹಾಕಿ ಒಂದು ವರ್ಷದ ಲೈಸೆನ್ಸು ಕೊಟ್ಟಿತು. ಅಧ್ಯಕ್ಷ ವಿಲಿಯಂ ಹೆನ್ರಿ ಮತ್ತು ಸದಸ್ಯ ಕೆನೆತ್ ಕಾಕ್ಸ್ ಇದನ್ನು ಒಪ್ಪಲಿಲ್ಲ. ಉಳಿದ ನಾಲ್ವರು ಒಪ್ಪಿದರು.

ಪಾರ್ಕರ್ ಮೇಲ್ಮನವಿಗೆ ಹೋದರು. ವಾಷಿಂಗ್ಟನ್ನಿನ ಅಪೀಲು ನ್ಯಾಯಾಲಯ 1966ರ ಮಾರ್ಚ್ 25ರಂದು ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ವಾರೆನ್ ಬರ್ಗರ್. ಕ್ರಾಂತಿಕಾರಿಯೇನಲ್ಲ, ಸಂಪ್ರದಾಯಸ್ಥ ಅಂತಲೇ ಹೆಸರಾದವರು. ಆದರೆ ಅವರು ಹಿಡಿದ ತರ್ಕ ಸರಳವಾಗಿತ್ತು. ತರಂಗಗಳು ಸಾರ್ವಜನಿಕರ ಸ್ವತ್ತು. ಅದರ ಒಂದು ತುಂಡನ್ನು ಒಬ್ಬರಿಗೆ ಪುಕ್ಕಟೆಯಾಗಿ, ಬೇರೆ ಯಾರೂ ಬಳಸದಂತೆ ಕೊಟ್ಟಿದ್ದೀರಿ. ಕೊಟ್ಟದ್ದು ಸಾರ್ವಜನಿಕರ ಹಿತಕ್ಕೆ. ಆ ಹಿತ ಕಾಯುತ್ತಿದ್ದಾರೋ ಇಲ್ಲವೋ ಅಂತ ಹೇಳೋದಕ್ಕೆ ದಿನಾ ಕೂತು ನೋಡುವವರಿಗಿಂತ ಹೆಚ್ಚು ಗೊತ್ತಿರುವವರು ಯಾರು? ಎಲ್ಲವನ್ನೂ ಕಮಿಷನ್ನೇ ನೋಡಿಕೊಳ್ಳುತ್ತೆ ಅಂತ ನಂಬಿ ಕೂರೋ ಕಾಲ ಮುಗಿಯಿತು, ನೋಡುಗರ ಪ್ರತಿನಿಧಿಗಳಿಗೆ ಮಾತಾಡುವ ಹಕ್ಕಿದೆ, ವಿಚಾರಣೆ ನಡೆಸಿ ಅಂತ ಹೇಳಿದರು.

ಆಮೇಲೆ ಎಫ್‌ಸಿಸಿ ಸರ್ಕಾರಿ ಕಚೇರಿಗಳು ಎಲ್ಲೆಡೆ ಮಾಡುವುದನ್ನೇ ಮಾಡಿತು. 1967ರಲ್ಲಿ ಜಾಕ್ಸನ್‌ನಲ್ಲಿ ವಿಚಾರಣೆ ನಡೆಸಿತು. ಆದರೆ ತಪ್ಪು ನಡೆದಿದೆ ಅಂತ ಸಾಬೀತು ಮಾಡುವ ಪೂರ್ತಿ ಹೊರೆಯನ್ನು ಅರ್ಜಿದಾರರ ತಲೆ ಮೇಲೆ ಹೊರಿಸಿತು. ವಿಚಾರಣಾಧಿಕಾರಿ ಸ್ಟೇಷನ್ನಿನ ಪರವಾಗಿ ವರದಿ ಕೊಟ್ಟರು. 1968ರಲ್ಲಿ ಎಫ್‌ಸಿಸಿ ಪೂರ್ತಿ ಮೂರು ವರ್ಷದ ಲೈಸೆನ್ಸು ಕೊಟ್ಟು ಕೈತೊಳೆದುಕೊಂಡಿತು.

ಮತ್ತೆ ಅದೇ ಕೋರ್ಟು, ಮತ್ತೆ ಬರ್ಗರ್. ಅಷ್ಟರಲ್ಲಿ ಅಧ್ಯಕ್ಷ ನಿಕ್ಸನ್ ಅವರನ್ನು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಆರಿಸಿ ಆಗಿತ್ತು. 1969ರ ಜೂನ್ 20ರಂದು, ಪ್ರಮಾಣವಚನಕ್ಕೆ ಮೂರು ದಿನ ಮೊದಲು, ಬರ್ಗರ್ ಈ ತೀರ್ಪು ಕೊಟ್ಟರು. ಅರ್ಜಿ ಹಾಕಿದ ನಾಗರಿಕರನ್ನು ಎದುರಾಳಿಗಳ ಥರ ನಡೆಸಿಕೊಂಡಿದ್ದೀರಿ, ಈ ವಿಚಾರಣೆಯ ದಾಖಲೆ ರಿಪೇರಿಗೆ ಸಿಗದಷ್ಟು ಕೆಟ್ಟಿದೆ ಅಂದರು. ಇನ್ನೊಂದು ಸಲ ವಿಚಾರಣೆ ಮಾಡಿ ಅಂತ ವಾಪಸ್ ಕಳಿಸದೆ ನೇರವಾಗಿ ಲೈಸೆನ್ಸನ್ನೇ ರದ್ದು ಮಾಡಿದರು. ಹೊಸ ಅರ್ಜಿಗಳನ್ನು ಕರೆಯಿರಿ, ಬೇಕಿದ್ದರೆ ಲಾಮಾರ್ ಕೂಡ ಉಳಿದವರ ಜೊತೆ ಸಾಲಿನಲ್ಲಿ ನಿಲ್ಲಲಿ ಅಂತ ಆದೇಶವಾಯಿತು.

ನೋಡುಗರ ದೂರಿನಿಂದ ಒಂದು ಟಿವಿ ಸ್ಟೇಷನ್ ಲೈಸೆನ್ಸು ಕಳೆದುಕೊಂಡಿತ್ತು.

*

1971ರ ಜೂನಿನಲ್ಲಿ ಕಮ್ಯುನಿಕೇಷನ್ಸ್ ಇಂಪ್ರೂವ್‌ಮೆಂಟ್ ಅನ್ನೋ ಲಾಭದ ಉದ್ದೇಶವಿಲ್ಲದ ಸಂಸ್ಥೆ ಸ್ಟೇಷನ್ನಿನ ತಾತ್ಕಾಲಿಕ ಉಸ್ತುವಾರಿ ವಹಿಸಿಕೊಂಡಿತು. ಕಪ್ಪು ಜನ ಮತ್ತು ಬಿಳಿಯರು ಇಬ್ಬರೂ ಇದ್ದ ಆಡಳಿತ ಮಂಡಳಿ. ಕಾನೂನಿನ ಸೂಕ್ಷ್ಮ ನೋಡಿ: ಕಟ್ಟಡ, ಕ್ಯಾಮೆರಾ, ಟವರ್ ಎಲ್ಲ ಲಾಮಾರ್ ಲೈಫ್‌ದೇ. ಹೊಸಬರು ಅದನ್ನು ಬಾಡಿಗೆಗೆ ತಗೊಂಡರು. ಹೋದದ್ದು ಒಂದು ಕಾಗದ ಮಾತ್ರ. ಆದರೆ ಆ ಕಾಗದ ಇಲ್ಲದೆ ಟವರ್ ಬರೀ ಕಬ್ಬಿಣ. ಒಂದು ಟಿವಿ ಸ್ಟೇಷನ್ನಿನ ಬೆಲೆಯಲ್ಲಿ ದೊಡ್ಡ ಪಾಲು ಸಾರ್ವಜನಿಕರು ಕೊಟ್ಟ ಅನುಮತಿಯದ್ದು ಅನ್ನೋದು ಇಷ್ಟು ಸ್ಪಷ್ಟವಾಗಿ ಕಾಣಿಸೋದು ಅಪರೂಪ.

1972ರಲ್ಲಿ ವಿಲಿಯಂ ಡಿಲ್‌ಡೇ ಜನರಲ್ ಮ್ಯಾನೇಜರ್ ಆಗಿ ಬಂದರು. ಬಾಸ್ಟನ್ನಿನವರು, ಕಪ್ಪು ವರ್ಣೀಯರು. ಅಮೆರಿಕದ ಒಂದು ವಾಣಿಜ್ಯ ಟಿವಿ ಸ್ಟೇಷನ್ನಿಗೆ ಕಪ್ಪು ವ್ಯಕ್ತಿಯೊಬ್ಬರು ಜನರಲ್ ಮ್ಯಾನೇಜರ್ ಆದದ್ದು ಅದೇ ಮೊದಲು. ಅದೂ ಫ್ರೆಡ್ ಬಿಯರ್ಡ್ ಕೂತಿದ್ದ ಕುರ್ಚಿಯಲ್ಲಿ. ಪರದೆ ಮೇಲೆ ಕಪ್ಪು ಮುಖಗಳು ಬಂದವು, ಕ್ಯಾಮೆರಾದ ಹಿಂದೆಯೂ ಬಂದವು. ವರದಿಗಾರಿಕೆಗೆ ಕಸುವು ಬಂತು. ಮಿಸಿಸಿಪಿಯ ಅಧಿಕಾರ ರಾಜಕಾರಣದ ಬಗ್ಗೆ ಮಾಡಿದ ಒಂದು ಸಾಕ್ಷ್ಯಚಿತ್ರಕ್ಕೆ 1976ರ ಪೀಬಡಿ ಪ್ರಶಸ್ತಿ ಸಿಕ್ಕಿತು. ಪ್ರಸಾರ ಲೋಕದಲ್ಲಿ ಅದು ದೊಡ್ಡ ಮರ್ಯಾದೆ. ಹೀಗೆಲ್ಲ ಮಾಡಿದರೆ ಬಿಳಿಯ ನೋಡುಗರು ಬಿಟ್ಟುಹೋಗ್ತಾರೆ, ಸ್ಟೇಷನ್ ಮುಳುಗುತ್ತೆ ಅನ್ನೋದು ಹಳಬರ ಹೆದರಿಕೆಯಾಗಿತ್ತು. ಸ್ಟೇಷನ್ ಮುಳುಗಲಿಲ್ಲ.

ಶಾಶ್ವತ ಮಾಲೀಕರು ಯಾರು ಅನ್ನೋದು ತೀರ್ಮಾನವಾಗಲು ಮಾತ್ರ ಮತ್ತೆ ವರ್ಷಗಟ್ಟಲೆ ಹಿಡಿಯಿತು. ಪೈಪೋಟಿಗೆ ಐದು ಗುಂಪುಗಳು. ಕಡೆಗೆ ಕೆಲವರು ಒಂದಾಗಿ ಟಿವಿ-3 ಅನ್ನೋ ಕಂಪನಿ ಮಾಡಿಕೊಂಡರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಪ್ಪು ಜನರದ್ದು. 1980ರ ಹೊತ್ತಿಗೆ ಲೈಸೆನ್ಸು ಅವರ ಕೈಗೆ ಬಂತು. ಮಂಡಳಿಯ ಅಧ್ಯಕ್ಷರಾದವರು ಏರನ್ ಹೆನ್ರಿ, ಮೆಡಿಕಲ್ ಶಾಪಿನವರು. ಯಾವ ಸ್ಟೇಷನ್ನಿನ ವಿರುದ್ಧ ಅರ್ಜಿ ಹಾಕಿದರೆ ನೀವು ಯಾರು ಕೇಳೋಕೆ ಅಂತ ಕೇಳಿಸಿಕೊಂಡಿದ್ದರೋ ಅದೇ ಸ್ಟೇಷನ್ನಿಗೆ ಅಧ್ಯಕ್ಷರು. ಅರ್ಜಿ ಹಾಕಿ ಹೆಚ್ಚುಕಮ್ಮಿ 16 ವರ್ಷ ಆಗಿತ್ತು.

ಜಾಕ್ಸನ್ ಆಚೆಗೂ ಪರಿಣಾಮವಾಯಿತು. 1966ರ ತೀರ್ಪಿನ ನಂತರ ದೇಶದ ತುಂಬ ನಾಗರಿಕರ ಗುಂಪುಗಳು ಲೈಸೆನ್ಸು ನವೀಕರಣದ ಸಮಯ ನೋಡಿಕೊಂಡು ತಕರಾರು ಅರ್ಜಿ ಹಾಕತೊಡಗಿದವು. ಬಹಳಷ್ಟು ಕಡೆ ಲೈಸೆನ್ಸು ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಭಯವಿದ್ದರೆ ಮಾತುಕತೆಗೆ ಬರ್ತಾರೆ. 1969ರಲ್ಲಿ ಟೆಕ್ಸರ್ಕಾನಾ ಅನ್ನೋ ಊರಿನಲ್ಲಿ ಕೆಟಿಎಎಲ್ ಸ್ಟೇಷನ್ನು ಸ್ಥಳೀಯ ಸಂಘಟನೆಗಳ ಜೊತೆ ಕೂತು ಒಪ್ಪಂದಕ್ಕೆ ಸಹಿ ಹಾಕಿತು: ಕಪ್ಪು ವರದಿಗಾರರನ್ನು ತಗೊಳ್ತೀವಿ, ಜನರ ಜೊತೆ ಆಗಾಗ ಸಮಾಲೋಚನೆ ಮಾಡ್ತೀವಿ ಅಂತ. ಆಮೇಲೆ ಬಂದ ಇಂಥ ಒಪ್ಪಂದಗಳಿಗೆ ಅದು ಮಾದರಿಯಾಯಿತು.

*

ಕತೆ ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತೆ, ಸಿನಿಮಾದ ಕೊನೆ ಥರ. ಆದರೆ ಮಾಲೀಕತ್ವದ ಚರಿತ್ರೆ ಅಲ್ಲಿಗೆ ಮುಗಿಯಲ್ಲ.

1980ರ ದಶಕದ ನಡುವೆ ಸ್ಟೇಷನ್ನಿನ ಚುಕ್ಕಾಣಿ ಫ್ರಾಂಕ್ ಮೆಲ್ಟನ್ ಕೈಗೆ ಬಂತು. ಕಂಪನಿಯ ಹೆಸರು ಸಿವಿಕ್ ಕಮ್ಯುನಿಕೇಷನ್ಸ್ ಅಂತಾಯಿತು. ಮೆಲ್ಟನ್ ಕೂಡ ಕಪ್ಪು ವರ್ಣೀಯರು, ಗಟ್ಟಿ ದನಿಯ ಮನುಷ್ಯ. ತಮ್ಮದೇ ಸ್ಟೇಷನ್ನಿನಲ್ಲಿ ಸಂಪಾದಕೀಯ ಓದಿ, ಮಾದಕವಸ್ತು ಮಾರುವವರನ್ನು, ರಾಜಕಾರಣಿಗಳನ್ನು ಜಾಡಿಸುತ್ತಿದ್ದರು. ಆ ಜನಪ್ರಿಯತೆಯ ಮೇಲೇ 2005ರಲ್ಲಿ ಜಾಕ್ಸನ್‌ನ ಮೇಯರ್ ಆದರು. 1963ರಲ್ಲಿ ಮೇಯರ್ ಮಾತಿಗೆ ಉತ್ತರ ಕೊಡಲು 17 ನಿಮಿಷಕ್ಕಾಗಿ ಹೋರಾಡಬೇಕಿತ್ತು, ಈಗ ಸ್ಟೇಷನ್ ನಡೆಸಿದವರೇ ಮೇಯರ್. ಅವರ ಮೇಯರ್‌ಗಿರಿ ಮಾತ್ರ ಕ್ರಿಮಿನಲ್ ಕೇಸುಗಳು, ವಿವಾದಗಳ ನಡುವೆಯೇ ಕಳೆಯಿತು. 2009ರಲ್ಲಿ ತೀರಿಕೊಂಡರು. ಮಾಲೀಕರು ನಮ್ಮವರಾದ ಮಾತ್ರಕ್ಕೆ ಅಧಿಕಾರ ಒಳ್ಳೆಯದಾಗಿಬಿಡುತ್ತೆ ಅಂತೇನೂ ಇಲ್ಲ. ಆ ಪ್ರಶ್ನೆಯನ್ನು ಪ್ರತಿ ಸಲವೂ ಹೊಸದಾಗಿ ಕೇಳಬೇಕು.

ಅಷ್ಟರಲ್ಲಿ ವಾಷಿಂಗ್ಟನ್ನಿನಲ್ಲಿ ನಿಯಮಗಳು ಒಂದೊಂದಾಗಿ ಸಡಿಲವಾದವು. ಮೂರು ವರ್ಷದ ಲೈಸೆನ್ಸು 1981ರಲ್ಲಿ ಐದು ವರ್ಷವಾಯಿತು, 1996ರಲ್ಲಿ ಎಂಟು. ಎರಡೂ ಕಡೆಯ ಮಾತು ಹಾಕಬೇಕು ಅನ್ನೋ ನಿಯಮ 1987ರಲ್ಲಿ ಹೋಯಿತು. ಅಲ್ಪಸಂಖ್ಯಾತರಿಗೆ ಸ್ಟೇಷನ್ ಮಾರಿದವರಿಗೆ 1978ರಿಂದ ತೆರಿಗೆ ರಿಯಾಯಿತಿ ಸಿಗುತ್ತಿತ್ತು, 1995ರಲ್ಲಿ ಸಂಸತ್ತು ಅದನ್ನು ತೆಗೆಯಿತು. ಒಂದು ಕಂಪನಿ ಎಷ್ಟು ಸ್ಟೇಷನ್ನುಗಳನ್ನು ಇಟ್ಟುಕೊಳ್ಳಬಹುದು ಅನ್ನೋ ಸಂಖ್ಯೆಯ ಮಿತಿ 1996ರ ಕಾಯ್ದೆಯಲ್ಲಿ ಹೋಗಿ, ದೇಶದ ಎಷ್ಟು ಪಾಲು ಮನೆಗಳನ್ನು ತಲುಪಬಹುದು ಅನ್ನೋ ಮಿತಿ ಮಾತ್ರ ಉಳಿಯಿತು.

2000ದಲ್ಲಿ ಸಿವಿಕ್ ತನ್ನ ಸ್ಟೇಷನ್ನುಗಳನ್ನು ದಕ್ಷಿಣ ಕೆರೊಲಿನಾದ ಲಿಬರ್ಟಿ ಕಾರ್ಪೊರೇಷನ್ನಿಗೆ ಮಾರಿತು. 2006ರಲ್ಲಿ ಲಿಬರ್ಟಿಯನ್ನು ಅಲಬಾಮಾದ ರೇಕಾಮ್ ಕೊಂಡಿತು. 2019ರ ಜನವರಿಯಲ್ಲಿ ರೇಕಾಮ್ ಅಟ್ಲಾಂಟಾದ ಗ್ರೇ ಟೆಲಿವಿಷನ್‌ನಲ್ಲಿ ಸೇರಿಹೋಯಿತು, ಸುಮಾರು 365 ಕೋಟಿ ಡಾಲರ್ ವ್ಯವಹಾರ. ಗ್ರೇ ಹತ್ತಿರ ಈಗ ನೂರಕ್ಕೂ ಹೆಚ್ಚು ಮಾರುಕಟ್ಟೆಗಳಲ್ಲಿ ಸ್ಟೇಷನ್ನುಗಳಿವೆ. ಜಾಕ್ಸನ್ ಅದರಲ್ಲಿ ಒಂದು.

ಇದರಲ್ಲಿ ಯಾರೂ ಕಾನೂನು ಮುರಿಯಲಿಲ್ಲ, ಯಾವ ವರ್ಗಾವಣೆಗೂ ಬೋರ್ಡು ಹಾಕಿ ಕ್ಷಮೆ ಕೇಳಬೇಕಾಗಲಿಲ್ಲ. ಊರಿನವರ ಕೈಗೆ ಸ್ಟೇಷನ್ ಬರೋದಕ್ಕೆ 16 ವರ್ಷ, ಎರಡು ತೀರ್ಪು, ಒಂದು ವಾರದ ಗುಟ್ಟಿನ ಆಡಿಟ್ ಬೇಕಾಯಿತು. ಊರಿನವರ ಕೈಯಿಂದ ಹೋಗೋದಕ್ಕೆ ಒಂದು ಮಾರಾಟ ಸಾಕಾಯಿತು. ಕೋರ್ಟು ಗೆದ್ದುಕೊಟ್ಟದ್ದು ಪ್ರಶ್ನೆ ಕೇಳುವ ಹಕ್ಕನ್ನು. ಸ್ಟೇಷನ್ ಸದಾ ಊರಿನದ್ದೇ ಆಗಿರುತ್ತೆ ಅಂತ ಅದು ಯಾವತ್ತೂ ಹೇಳಿರಲಿಲ್ಲ. ಈ ಎರಡನ್ನೂ ಒಂದೇ ಅಂದುಕೊಂಡರೆ ಆಮೇಲೆ ನಿರಾಶೆಯಾಗುತ್ತೆ.

ತರಂಗಗಳು ಸಾರ್ವಜನಿಕರ ಸ್ವತ್ತು ಅಂತ ನಮ್ಮ ಸುಪ್ರೀಂ ಕೋರ್ಟೂ 1995ರ ಫೆಬ್ರವರಿಯಲ್ಲಿ ಹೇಳಿತು. ಬಂಗಾಳದ ಕ್ರಿಕೆಟ್ ಸಂಸ್ಥೆ ಮತ್ತು ಸರ್ಕಾರದ ನಡುವಿನ ಹೀರೋ ಕಪ್ ಪ್ರಸಾರದ ಜಗಳದಲ್ಲಿ ಬಂದ ತೀರ್ಪು ಅದು. ಇವತ್ತು ನಾವು ನೋಡುವ ಖಾಸಗಿ ಚಾನೆಲ್ಲುಗಳ ಬಗ್ಗೆ ಮಾತು ಬಂದಾಗಲೆಲ್ಲ ವಕೀಲರು ಆ ತೀರ್ಪು ತೆಗೀತಾರೆ. ಅಲ್ಲಿ ಕಟಕಟೆಯ ಎರಡೂ ಕಡೆ ಇದ್ದದ್ದು ಸಂಸ್ಥೆಗಳು. ಜಾಕ್ಸನ್‌ನಲ್ಲಿ ಒಂದು ಕಡೆ ಇದ್ದದ್ದು ಮನೆಯಲ್ಲಿ ಕೂತು ಟಿವಿ ನೋಡುತ್ತಿದ್ದ ಜನ.

ಎವರೆಟ್ ಪಾರ್ಕರ್ 2015ರಲ್ಲಿ ತೀರಿಕೊಂಡಾಗ ಅವರಿಗೆ 102 ವರ್ಷ. ಅವರು ಗಳಿಸಿಕೊಟ್ಟ ಹಕ್ಕು ಇನ್ನೂ ಕಾನೂನಿನಲ್ಲಿದೆ. ಅಮೆರಿಕದ ಪ್ರತಿ ಸ್ಟೇಷನ್ನೂ ತನ್ನ ಸಾರ್ವಜನಿಕ ಫೈಲನ್ನು ಈಗ ಇಂಟರ್ನೆಟ್ಟಿನಲ್ಲೇ ಇಡಬೇಕು, ಯಾರು ಬೇಕಾದರೂ ತೆಗೆದು ನೋಡಬಹುದು. ಪ್ರಸಾರ ತಲುಪುವ ಪ್ರದೇಶದಲ್ಲಿ ಇರುವವರು ನವೀಕರಣ ಬೇಡ ಅಂತ ಅರ್ಜಿ ಹಾಕಬಹುದು. ಮಿಸಿಸಿಪಿಯ ಟಿವಿ ಸ್ಟೇಷನ್ನುಗಳ ಲೈಸೆನ್ಸು ಮುಂದಿನ ಸಲ ಮುಗಿಯೋದು 2029ರ ಜೂನ್ 1ಕ್ಕೆ. ಅದಕ್ಕೂ ಮುಂಚೆ ಜಾಕ್ಸನ್‌ನಲ್ಲಿ ಯಾರಾದರೂ ಒಂದು ವಾರ ಕೂತು, ಪೆನ್ನು ಹಿಡಿದು, ಪೂರ್ತಿ ನೋಡ್ತಾರಾ?